ನಮ್ಮ ಮನೆಯವರ ಚೀಲದಾಗಿನ ರೆಕಾರ್ಡ್ ಬುಕ್

ಅವತ್ತು ಸೋಮವಾರ. ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ದತ್ತಪ್ಪ ನೆಲದ ಮೇಲೆ ಕೂತು ಐದು ಬಾಳೆಹಣ್ಣು ಸಾಲಾಗಿ ಇಟ್ಟುಕೊಂಡಿದ್ದರು. ಎದುರಿಗೆ ಮಗಳು ಪಂಚಶೀಲಾ. ಅವಳು ಕಲಬುರಗಿಯಲ್ಲಿ ಕೋಟೆ ಹತ್ತಿರದ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ಸೈನ್ಸು, ಅದರಲ್ಲಿ ಕಂಪ್ಯೂಟರ್ ತಗೊಂಡಾಳೆ. ಕಾಲೇಜಿನಲ್ಲಿ ವಾರಕ್ಕೊಮ್ಮೆ ಕಂಪ್ಯೂಟರ್ ಮುಂದೆ ಕೂಡಿಸುತ್ತಾರೆ, ಅದೂ ಇಬ್ಬರಿಗೊಂದು. ಕಮಲಾಪುರದ ನಮ್ಮ ಮನೆಯಲ್ಲಿ ಅವರಪ್ಪನೇ ಅವಳ ಕಂಪ್ಯೂಟರ್. ಅವಳು ಹೇಳುವುದು, ಅವರು ಹಣ್ಣು ಸರಿಸುವುದು.

"ಮೊದಲನೇದು, ಎರಡನೇದು ನೋಡು. ಎಡಗಡೆದು ದೊಡ್ಡದಿದ್ದರ ಅದಲಿ ಬದಲಿ ಮಾಡು."

"ಮಾಡಿದೆ."

"ಈಗ ಎರಡನೇದು, ಮೂರನೇದು."

"ಏ ಯವ್ವಾ, ಸಣ್ಣದು ಯಾವುದು ದೊಡ್ಡದು ಯಾವುದು ನಾ ಒಂದೇ ಸರ್ತಿ ನೋಡಿ ಹೇಳ್ತೀನಿ. ನಿನ್ನ ಮಷೀನು ಇಷ್ಟು ದಡ್ಡ ಅದ ಏನು?"

"ಅದಕ್ಕ ಕಣ್ಣಿಲ್ಲಪ್ಪ. ಎರಡೆರಡೇ ನೋಡ್ತದ. ಹೇಳಿದಷ್ಟೇ ಮಾಡು, ನಡುವ ಶ್ಯಾಣ್ಯಾ ಆಗಬ್ಯಾಡ."

"ಇಪ್ಪತ್ತು ವರ್ಷ ಆತು, ನಿಮ್ಮವ್ವನೂ ಇದನ್ನೇ ಹೇಳ್ಲಾಕತ್ತಾಳ," ಅಂದರು. ನಾನು ಹಿಟ್ಟಿನ ಕೈ ತೋರಿಸಿದೆ.

ಅವರದು ಕೆಂಪು ಬಾಳೆ ತೋಟಗಳಲ್ಲಿ ಗೊನೆ ಕಡಿದು ಗಾಡಿಗೆ ಹೇರುವ ಕೆಲಸ. ಓದಿದ್ದು ಮೂರನೇ ಕ್ಲಾಸು. ನನ್ನದು ನಾಲ್ಕು. ಕಾಯಿ ಮುಟ್ಟಿ ನೋಡಿ ಯಾವ ದಿನ ಕಡಿಯಬೇಕು ಅಂತ ಹೇಳುತ್ತಿದ್ದರು, ತೋಟದವರು ಕೇಳುತ್ತಿದ್ದರು. ಮಗಳ ರೆಕಾರ್ಡ್ ಬುಕ್ ಓದಲಿಕ್ಕೆ ಬರುತ್ತಿರಲಿಲ್ಲ. ಅದು ದೊಡ್ಡ ಪುಸ್ತಕ. ಲ್ಯಾಬಿನಲ್ಲಿ ಮಾಡಿದ ಒಂದೊಂದು ಪ್ರೋಗ್ರಾಮನ್ನೂ ಕೈಯಿಂದ ಬರೆಯಬೇಕು, ಮೇಡಂ ನೋಡಿ ಕೆಂಪು ಪೆನ್ನಿನಿಂದ ಸಹಿ ಹಾಕಬೇಕು. ಅವರು ಸಹಿ ಎಣಿಸುತ್ತಿದ್ದರು. "ಹದಿನಾರಾತು," "ಹದಿನೆಂಟಾತು," ಅಂತ ಚಹಾದಂಗಡಿಯಲ್ಲಿ ಹೇಳಿಕೊಂಡು ಬರುತ್ತಿದ್ದರು. ಅದರ ಹಿಂದಿನ ಶನಿವಾರ ಇಪ್ಪತ್ತೂ ಮುಗಿದಿದ್ದವು.

ರೆಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಕೊಡಬೇಕು ಅಂತ ಕಾಲೇಜಿನಲ್ಲಿ ಹೇಳಿದ್ದರು. "ನಾ ಹಾಕಿಸ್ತೀನಿ ತಾ," ಅಂದು ಅವರೇ ತಗೊಂಡರು. ಬಸ್‌ಸ್ಟ್ಯಾಂಡ್ ಎದುರಿಗಿನ ಮಕ್ಸೂದನ ಝೆರಾಕ್ಸ್ ಅಂಗಡಿಯಲ್ಲಿ ಕೊಟ್ಟು ತೋಟಕ್ಕೆ ಹೋಗುವುದು, ಸಂಜೆ ತರುವುದು. ಹಂಗಂತ ಮಾತಾಗಿತ್ತು. ಮಗಳು ಬಸ್ ಹತ್ತಿದಳು. ನಾನು ಬುತ್ತಿ ಕಟ್ಟಿ ಅವರ ಚೀಲದಲ್ಲಿ ಇಟ್ಟೆ.

ಮಧ್ಯಾಹ್ನ ತೋಟದಲ್ಲಿ ಹೆಗಲ ಮೇಲೆ ಗೊನೆ ಇದ್ದಂಗೇ ಬಿದ್ದರಂತೆ. ಕಲಬುರಗಿ ದವಾಖಾನೆಗೆ ಒಯ್ದರು. ನಾನು ಮುಟ್ಟುವುದರೊಳಗೆ ಮುಗಿದಿತ್ತು. ಎದೆ ಅಂದರು ಡಾಕ್ಟರು. ಅವರಿಗೆ ಎಂದೂ ಎದೆ ನೋವು ಬಂದಿರಲಿಲ್ಲ, ಅಥವಾ ಹೇಳಿರಲಿಲ್ಲ.

ಮರುದಿನ ಮಣ್ಣು ಮಾಡಿದೆವು. ನಾವು ಬೌದ್ಧರು, ವಂದನೆ ಹೇಳಿ ಮಣ್ಣು ಕೊಡುತ್ತೇವೆ. ಆದರೆ ನಮ್ಮ ಮನೆತನದಲ್ಲಿ ಹಳೆಯ ಪದ್ಧತಿ ಒಂದು ಉಳಿದದೆ. ಹೋದವರು ದಿನಾ ಹಿಡಿದಿದ್ದ ಸಾಮಾನು ಅವರ ಜೋಡಿ ಇಡುತ್ತೇವೆ. ಅವರ ಟವೆಲು, ಚಪ್ಪಲಿ, ತೋಟದವರು ತಂದುಕೊಟ್ಟ ಚೀಲ ಇಟ್ಟೆವು. ಚೀಲ ನಾನೇ ಇಟ್ಟೆ. ಭಾರ ಇತ್ತು. ಬುತ್ತಿ ಡಬ್ಬಿ ಅಂದುಕೊಂಡೆ. ಉಂಡಿದ್ದರೋ ಹಸಿದು ಹೋದರೋ, ಬಿಚ್ಚಿ ನೋಡಲಿಕ್ಕೆ ನನಗೆ ಧೈರ್ಯ ಆಗಲಿಲ್ಲ.

ಶುಕ್ರವಾರ ಪಂಚಶೀಲಾ ಮಕ್ಸೂದನ ಅಂಗಡಿಗೆ ಹೋದಳು. ಹೋದಷ್ಟೇ ಬೇಗ ಬಂದಳು.

"ಅವ್ವ, ಅಪ್ಪನ ಚೀಲ ಎಲ್ಲಿ?"

"ಯಾಕ?"

"ಮಕ್ಸೂದಣ್ಣ ಅವತ್ತೇ ಹೊದಿಕೆ ಹಾಕಿ ಕೊಟ್ಟಾನಂತ. ಅಪ್ಪ ಸಂಜೀತನ ಕಾಯಲಿಲ್ಲಂತ. ತೋಟದಾಗ ತೋರಸ್ತೀನಿ ಅಂತ ಚೀಲದಾಗ ಇಟ್ಟುಕೊಂಡು ಹೋದನಂತ."

ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯಿತು.

ಪ್ರಾಕ್ಟಿಕಲ್ ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ರೆಕಾರ್ಡ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಪ್ರಾಕ್ಟಿಕಲ್ ಹೋದರೆ ಆ ಸಬ್ಜೆಕ್ಟೇ ಹೋಯಿತು, ವರ್ಷವೇ ಹೋಯಿತು.

ಭಾವ ದೌಲಪ್ಪ ಅಲ್ಲೇ ಇದ್ದರು. "ನಾಲ್ಕು ದಿನದ ಮಣ್ಣು, ಇನ್ನಾ ಮೆತ್ತಗದ. ನಾ ಸಲಿಕಿ ತರ್ತೀನಿ. ಯಾರಿಗೂ ಹೇಳೋದು ಬ್ಯಾಡ," ಅಂದರು.

ನಾನು ಹೂಂ ಅಂದೆ. ಸುಳ್ಳು ಯಾಕೆ ಬರೆಯಲಿ, ಹೂಂ ಅಂದೆ.

"ಬ್ಯಾಡ ದೊಡ್ಡಪ್ಪ," ಅಂದಳು ಮಗಳು.

"ನಿಂದೇ ವರ್ಷ ಹೋಗ್ತದಲ್ಲ ಹುಚ್ಚಿ."

"ಹೋದರ ಹೋಗಲಿ. ಅಪ್ಪನ ಮೈಮ್ಯಾಲಿಂದ ತಗೊಂಡಿದ್ದು ನಾ ಮೇಡಂ ಕೈಯಾಗ ಹೆಂಗ ಕೊಡಲಿ?"

ಭಾವ ತಲೆ ಮೇಲೆ ಟವೆಲು ಹಾಕಿಕೊಂಡು ಎದ್ದು ಹೋದರು.

ಶನಿವಾರ ನಾನೂ ಜೋಡಿ ಕಾಲೇಜಿಗೆ ಹೋದೆ. ಮಣ್ಣಾಗಿ ಐದೇ ದಿನ, ಗಂಡ ಸತ್ತವಳು ಬಸ್ ಹತ್ತಿದಳು ಅಂತ ಓಣಿಯಲ್ಲಿ ಮಾತಾಯಿತು. ಆಗಲಿ. ಕಂಪ್ಯೂಟರ್ ಮೇಡಂ ಹೆಸರು ಶೀಲಾ. ಎಲ್ಲಾ ಕೇಳಿ ಕನ್ನಡಕ ತೆಗೆದರು.

"ಪ್ರತಿ ವರ್ಷ ಕಳಕೊಂಡವರು ಇಬ್ಬರು ಮೂವರು ಬರ್ತಾರಮ್ಮ. ಇಂಥಾದ್ದು ಯಾರೂ ಹೇಳಿಲ್ಲ."

"ತಪ್ಪು ನಂದ್ರೀ ಮೇಡಂ. ನಾ ಚೀಲ ನೋಡಲಿಲ್ಲ."

"ನನಗ ಹಾಜರಿ ನೋಡಿ ಹಳೇ ಸಹಿ ಹಂಗೇ ಹಾಕಿ ಕೊಡಲಿಕ್ಕೆ ಬರೂದಿಲ್ಲ. ಇಪ್ಪತ್ತೂ ಮತ್ತ ಬರೀಲಿ. ಒಂದೊಂದು ಕೇಳ್ತೀನಿ. ಹೇಳಿದರ ಸಹಿ, ಇಲ್ಲಂದರ ಇಲ್ಲ. ಗೆಳತೇರದು ನೋಡಿ ಇಳಿಸಿದ್ದು ನನಗ ಗೊತ್ತಾಗ್ತದ."

ಮನೆ ತುಂಬ ಬಂಧು ಬಳಗ. ಮಾತಾಡಿಸಲಿಕ್ಕೆ ಬಂದವರು ಕೂತೇ ಇರುತ್ತಿದ್ದರು. ಹುಡುಗಿ ಕೈಯಲ್ಲಿ ಪೆನ್ನು ಕಂಡರೆ, "ಅಪ್ಪ ಸತ್ತ ಮನ್ಯಾಗ ಇದೇನು ಬರವಣಿಗಿ," ಅನ್ನುತ್ತಿದ್ದರು. ಅವಳಿಗೆ ಉಳಿದದ್ದು ಬಸ್ಸು. ಹೋಗುತ್ತ ಒಂದು ತಾಸು, ಬರುತ್ತ ಒಂದು ತಾಸು. ಆದರೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂದ ಮೇಲೆ ಬಸ್ಸು ಹುಮನಾಬಾದಿನಿಂದಲೇ ತುಂಬಿ ಬರುತ್ತದೆ. ಮೊದಲನೇ ದಿನ ನಿಂತುಕೊಂಡೇ ಹೋದಳು, ಒಂದಕ್ಷರ ಬರೆಯಲಿಲ್ಲ.

ಎರಡನೇ ದಿನದಿಂದ ಅವಳಿಗೆ ಸೀಟು ಹಿಡಿಯಲಿಕ್ಕೆ ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ.

ಬಸ್ಸಿನಲ್ಲಿ ಕೂತು ಅಕ್ಷರ ಕುಣಿದಂಗೆ ಬರೆದಳು. ಮೇಡಂ ಕೇಳಿದರು, ಇವಳು ಹೇಳಿದಳು. ಹದಿನೇಳನೇದಕ್ಕೆ ಸಹಿ ಹಾಕದೆ ವಾಪಸ್ ಕೊಟ್ಟರು. ಮತ್ತೆ ಬರೆದಳು. ಪರೀಕ್ಷೆಯ ಹಿಂದಿನ ದಿನ ಇಪ್ಪತ್ತಾದವು. ಹೊರಗಿಂದ ಬಂದ ಪರೀಕ್ಷಕರು, "ಎಲ್ಲಾ ಸಹಿ ಒಂದೇ ವಾರದ್ದು ಯಾಕ?" ಅಂತ ಕೇಳಿದರಂತೆ. ಮೇಡಂ ಅವರನ್ನು ಬಾಗಿಲ ಹೊರಗೆ ಕರೆದು ಏನೋ ಹೇಳಿದರಂತೆ. ಇವಳನ್ನು ಪರೀಕ್ಷೆಗೆ ಕೂಡಿಸಿದರು.

ಸಂಜೆ ಬಂದು, "ಆತು," ಅಂದಳು. ಅಷ್ಟೇ. ಎಷ್ಟು ಬರುತ್ತದೋ ರಿಸಲ್ಟಿನಲ್ಲಿ ತಿಳಿಯಬೇಕು.

ಚೀಲದ ಮಾತು ಅವಳು ಇವತ್ತಿಗೂ ಎತ್ತಿಲ್ಲ. ಒಮ್ಮೆ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ರೊಟ್ಟಿ ಕೊಟ್ಟರೆ ಉಣ್ಣುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ.

ದೊಡ್ಡ ಪರೀಕ್ಷೆ ಮುಂದಿನ ತಿಂಗಳು. "ಇನ್ನ ಬರೆಯೋದಿಲ್ಲ, ಓದೋದಷ್ಟೇ. ನಿಂತೇ ಹೋಗ್ತೀನಿ, ನೀ ಬರಬ್ಯಾಡ ಅವ್ವ," ಅಂದಳು. ನಾನು ಹೋಗುತ್ತೇನೆ. ಏಳು ಗಂಟೆಗೆ ಕಮಲಾಪುರ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತೇನೆ. ಬಸ್ ನಿಲ್ಲುವ ಮೊದಲೇ ಅದರ ಜೋಡಿ ನಾಲ್ಕು ಹೆಜ್ಜೆ ಓಡುತ್ತೇನೆ. ಯಾರು ಇಳಿಯಲಿಕ್ಕೆ ಎದ್ದಾರೆ ನೋಡಿ, ಆ ಕಿಟಕಿಯೊಳಗೆ ನನ್ನ ಹಳೇ ಸೀರೆಯ ತುಂಡು ಒಗೆಯುತ್ತೇನೆ. "ಸೀಟು ಹಿಡದೀನ್ರೀ, ಮಗಳು ಬರ್ಲಾಕತ್ತಾಳ," ಅಂತ ಕೂಗುತ್ತೇನೆ. ಅವಳು ಹತ್ತಿ ಕೂಡುತ್ತಾಳೆ, ಬಟ್ಟೆ ಮಡಚಿ ಕಿಟಕಿಯಿಂದ ನನ್ನ ಕೈಗೆ ಕೊಡುತ್ತಾಳೆ. ಬಸ್ಸು ಹೋಗುತ್ತದೆ.