ಕುಬಸದ ವಿಡಿಯೋಕ್ಕೆ ಹಾಕಿದ ಹಲಗೆ

ತಂಗಿಯ ಕುಬಸಕ್ಕೆ, ಅದೇ ಸೀಮಂತಕ್ಕೆ, ವಿಡಿಯೋ ನಾನೇ ಮಾಡುತ್ತೇನೆ ಎಂದು ಹಟ ಹಿಡಿದವಳು ನಾನು. ಸೇಡಂನಲ್ಲಿ ಫೋಟೋ ಸ್ಟುಡಿಯೋಗಳಿಗೇನು ಬರವಿಲ್ಲ, ಅವರಿಗೆ ಹೇಳಿಬಿಡು, ನಿನಗೇಕೆ ಈ ಉಸಾಬರಿ ಎಂದು ನನ್ನ ಗಂಡನೂ ಅಂದ. ಕೇಳಲಿಲ್ಲ. ಸ್ಟುಡಿಯೋದವರು ಯಾರ ಕಾರ್ಯವಾದರೂ ಅದೇ ಹಾರುವ ಪಾರಿವಾಳ, ಅದೇ ಅರಳುವ ಗುಲಾಬಿ ಹಾಕಿ ಕೊಡುತ್ತಾರೆ. ನನ್ನ ತಂಗಿಯ ಮುಖ ಗುಲಾಬಿಯೊಳಗಿಂದ ಇಣುಕುವುದು ನನಗೆ ಬೇಕಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದ ವಿಡಿಯೋಗಳನ್ನೆಲ್ಲ ಫೋನಿನಲ್ಲೇ ಕತ್ತರಿಸಿ ಜೋಡಿಸುವ ಟೀಚರ್ ನಾನು, ಒಂದು ಕುಬಸದ್ದು ಆಗದೇ ಹೋಗುತ್ತದೆಯೇ?

ಈ ಕುಬಸವೂ ಸುಮ್ಮನೆ ಬಂದದ್ದಲ್ಲ. ಚಿಂಚೋಳಿ ಕಡೆಯ ಚಿಮ್ಮನಚೋಡಕ್ಕೆ ಲಗ್ನವಾಗಿ ಹೋದ ಮೇಲೆ ತಂಗಿ ಎರಡು ಸಲ ಬಸಿರಾಗಿದ್ದಳು. ಎರಡೂ ಕೈಗೆ ಹತ್ತಲಿಲ್ಲ. ಮೊದಲನೆಯದು ಮೂರು ತಿಂಗಳಿಗೇ ಹೋಯಿತು. ಎರಡನೆಯದು ದಿನ ತುಂಬುವ ಹೊತ್ತಿಗೆ ಹೊಟ್ಟೆಯೊಳಗೇ ಸುಮ್ಮನಾಯಿತು. ಅವಳ ಅತ್ತೆ ಕೆಟ್ಟ ಹೆಂಗಸಲ್ಲ, ಆದರೆ ಶಕುನದ ಹೆಂಗಸು. ಹಿಂದಿನ ಕುಬಸಕ್ಕೆ ತವರಿನವರು ತಂದ ಹಸಿರು ಸೀರೆಯ ಅಂಚಿನಲ್ಲಿ ಕರಿ ಎಳೆ ಇತ್ತು, ಅದರಿಂದಲೇ ಹೀಗಾಯಿತು ಎಂದು ಬಂದವರ ಮುಂದೆಲ್ಲ ಹೇಳಿದ್ದಳು. ತಂಗಿ ಆ ಮಾತು ಹೊತ್ತುಕೊಂಡೇ ವರ್ಷಗಟ್ಟಲೆ ಬಾಳಿದಳು. ಅದಕ್ಕೇ ಈ ಸಲ ಅವ್ವ ಸೇಡಂನ ಅಂಗಡಿಯಲ್ಲಿ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದು ಎಳೆ ನೋಡಿದ್ದಳು. ಅಂಗಡಿಯವನಿಗೆ ಸಾಕುಸಾಕಾಯಿತು. ನಮ್ಮ ಕಡೆಯಿಂದ ಇನ್ನೊಂದು ಅಪಶಕುನ ಹೋಗಬಾರದು, ಹೋದರೆ ಆ ಮನೆಯಲ್ಲಿ ತಂಗಿಗೆ ತಲೆ ಎತ್ತಲು ಜಾಗ ಉಳಿಯುವುದಿಲ್ಲ. ಇದು ನಮಗೆಲ್ಲ ಗೊತ್ತಿದ್ದ ಮಾತು.

ವಿಡಿಯೋಕ್ಕೆ ಸಾಮಾನು ಹುಡುಕಲು ಕೂತಾಗ ಕೈಗೆ ಸಿಕ್ಕದ್ದು ಮಸುಕಾದ ನಾಲ್ಕಾರು ಫೋಟೋ ಅಷ್ಟೇ. ನಾವು ಸಣ್ಣವರಿದ್ದಾಗ ಯಾರ ಮನೆಯಲ್ಲಿ ಕ್ಯಾಮರಾ ಇತ್ತು? ಅಪ್ಪನಿಗೆ ವಾಡಿಯಲ್ಲಿ ರೈಲ್ವೆ ನೌಕರಿ. ಶಾಲೆಗಾಗಿ ನಾನು ವಾಡಿಯ ಕ್ವಾರ್ಟರ್ಸಿನಲ್ಲಿ ಬೆಳೆದೆ, ತಂಗಿ ಕುರಕುಂಟಾದಲ್ಲಿ ಅಜ್ಜಿಯ ಹತ್ತಿರ ಬೆಳೆದಳು. ಹಾಗಾಗಿ ಇಂಟರ್ನೆಟ್ಟಿನಿಂದ ತುಣುಕು ಇಳಿಸಿಕೊಂಡೆ. ವಾಡಿಗೆ ರೈಲು ಬಂದು ನಿಲ್ಲುವುದು ಸಿಕ್ಕಿತು. ಕಾಗಿಣಾ ತುಂಬಿ ಹರಿಯುವುದು ಸಿಕ್ಕಿತು. ಬೇಸಿಗೆಯಲ್ಲಿ ಹೂಬಿಟ್ಟ ತೊಗರಿ ಹೊಲ ಎಲ್ಲಿಂದ ಬರಬೇಕು, ಅದನ್ನೂ ಯಾರೋ ಪುಣ್ಯಾತ್ಮರು ಹಾಕಿದ್ದರು. ಹಸಿರು ಬಳೆ ತೊಡಿಸುವ ಬಳೆಗಾರನ ಕೈ ಎಲ್ಲಿಯದೋ ಏನೋ, ಅದನ್ನೂ ತಂಗಿಯ ಫೋಟೋದ ಪಕ್ಕ ಕೂಡಿಸಿದೆ. ನೋಡಿದವರು ಅವಳದೇ ಕೈ ಅನ್ನಬೇಕು, ಹಾಗೆ ಕೂಡಿತು.

ಉಳಿದದ್ದು ಸಪ್ಪಳ. ಸಿನಿಮಾ ಹಾಡು ಬೇಡ ಅನ್ನಿಸಿತು. ನಮ್ಮ ನೆಲದ್ದೇ ಏನಾದರೂ ಇರಲಿ ಎಂದು ಹುಡುಕುತ್ತ ಹೋದಾಗ ಹಲಗೆ ಬಡಿಯುವ ಒಂದು ವಿಡಿಯೋ ಕಣ್ಣಿಗೆ ಬಿತ್ತು. 'ನಮ್ಮೂರ ಹಲಗಿ' ಎಂದಷ್ಟೇ ಹೆಸರು ಕೊಟ್ಟಿದ್ದರು. ಬಡಿಯುವವರ ಅಂಗಿಯೆಲ್ಲ ಗುಲಾಲು. ಕಾಲ ಕೆಳಗೆ ಚುರುಮುರಿ ಚೆಲ್ಲಿತ್ತು, ಚೆಂಡುಹೂವಿನ ಎಸಳು ಬಿದ್ದಿದ್ದವು. ಯಾವುದೋ ಮೆರವಣಿಗೆ ಎಂದುಕೊಂಡೆ. ಬಡಿತ ಮೊದಲು ನಿಧಾನಕ್ಕೆ ಎದ್ದು, ಒಂದು ಕಡೆ ತಡೆದು, ಆಮೇಲೆ ಒಮ್ಮೆಲೇ ಎದೆಗೆ ಬರುತ್ತಿತ್ತು. ಮೈ ಜುಮ್ಮೆಂದಿತು. ಚೆಲ್ಲಿದ ಚುರುಮುರಿ ಗಲೀಜು ಕಾಣುತ್ತದೆಂದು ಆ ಭಾಗ ಕತ್ತರಿಸಿ ಒಗೆದು, ಹಲಗೆಯನ್ನೂ ಕೈಗಳನ್ನೂ ಮಾತ್ರ ಇಟ್ಟುಕೊಂಡೆ. ಸಪ್ಪಳವನ್ನು ಇಡೀ ವಿಡಿಯೋಕ್ಕೆ ಎಳೆದೆ. ಎಷ್ಟು ಚಂದ ಬಂತೆಂದರೆ, ನನಗೆ ನಾನೇ ಶಭಾಷ್ ಅಂದುಕೊಂಡೆ.

ಕುಬಸದ ಹಿಂದಿನ ದಿನ ತಂಗಿಯ ಗಂಡ ಸಂತೆ ಮಾಡಲು ಸೇಡಂಗೆ ಬಂದಿದ್ದ. ಅವ್ವ ಆರಿಸಿದ ಹಸಿರು ಸೀರೆಯ ಜೊತೆ ಪೆನ್ ಡ್ರೈವನ್ನೂ ಅವನ ಕೈಗೇ ಕೊಟ್ಟೆ. ನಾವು ಬಂದು ಕೈಕಾಲು ತೊಳೆಯುವುದರೊಳಗೆ ಟಿ.ವಿ.ಗೆ ಹಚ್ಚಿಡು, ಎಲ್ಲರೂ ಕೂಡಿ ನೋಡೋಣ ಎಂದು ನಾನೇ ತಾಕೀತು ಮಾಡಿದೆ.

ಮರುದಿನ ಒಂದು ಜೀಪಿನಲ್ಲಿ ನಾವು ಹೆಂಗಸರು ತುಂಬಿಕೊಂಡು ಹೊರಟೆವು. ಅವ್ವ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಉಡಿ ತುಂಬುವ ಬುಟ್ಟಿ. ಹಿಂದೆ ಚಿಕ್ಕಮ್ಮಂದಿರು, ಉಂಡಿಯ ಡಬ್ಬಿ, ಬಳೆಯ ಪೆಟ್ಟಿಗೆ. ಊರು ದಾಟಿದ ಮೇಲೆ ಅವ್ವ ತಾನಾಗಿಯೇ, ಏನೋ ಮಾಡಿದ್ದೀಯಂತಲ್ಲ, ತೋರಿಸು ಅಂದಳು. ನಾನು ಉಬ್ಬಿ ಹೋಗಿ ಹಿಂದಿನಿಂದ ಫೋನು ಚಾಚಿದೆ. ತಂಗಿಯ ಫೋಟೋ ಬಂದಾಗ ಅವ್ವನ ಮುಖ ಅರಳಿತು. ಹಲಗೆ ಸುರುವಾಯಿತು. ಅವ್ವ ಫೋನನ್ನು ಕಿವಿಗೆ ಹಿಡಿದಳು, ಕಣ್ಣಿಗಲ್ಲ. ಆಮೇಲೆ ತಟ್ಟನೆ ತೊಡೆಯ ಮೇಲೆ ಬೋರಲು ಹಾಕಿದಳು.

"ಇದು ಎಲ್ಲಿಂದ ತಂದಿ?" ಹಿಂದಕ್ಕೆ ನನ್ನ ಕಡೆ ಬಾಗಿ ಅಂದಳು. ದನಿ ಡ್ರೈವರನಿಗೂ ಕೇಳದಷ್ಟು ಸಣ್ಣಗಿತ್ತು. "ಇದು ಹೆಣ ಎತ್ತೋವಾಗ ಬಡಿಯೋ ಬಡಿತ ಅದ."

ಹೆಣದ ಮೇಲೆ ತೂರಿದ ಚುರುಮುರಿ, ಗುಲಾಲು, ಚೆಂಡುಹೂ, ಎಲ್ಲ ಒಮ್ಮೆಲೇ ತಿಳಿಯಿತು. ಕ್ವಾರ್ಟರ್ಸಿನಲ್ಲಿ ಯಾರಾದರೂ ತೀರಿಕೊಂಡರೆ ಗಾಡಿ ಬಂದು ಒಯ್ಯುತ್ತಿತ್ತು. ಹಲಗೆ ನಾನು ಕೇಳಿದ್ದು ಮದುವೆಯಲ್ಲಿ ಮಾತ್ರ. ಹಲಗೆ ಅಂದರೆ ಹಲಗೆ ಎಂದುಕೊಂಡವಳು ನಾನು. ಕುರಕುಂಟಾದವಳಾದ ಅವ್ವನಿಗೆ ಎರಡು ಪೆಟ್ಟು ಸಾಕಾಯಿತು.

ತಂಗಿಯ ಗಂಡನಿಗೆ ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಮನೆಯಲ್ಲಿ ಕಾರ್ಯ, ಎಲ್ಲಿ ಚಾರ್ಜಿಗೆ ಹಾಕಿ ಓಡಾಡುತ್ತಿದ್ದನೋ ಅವನು. ತಂಗಿಗೆ ಹಚ್ಚಬೇಕೆಂದರೆ ಅವ್ವ ಕೈ ಹಿಡಿದಳು, ಅವಳಿಗೆ ಗೊತ್ತಾಗಬಾರದು ಅಂದಳು. ಅತ್ತೆಗೆ ಹಚ್ಚಿ ಏನೆಂದು ಹೇಳುವುದು? ಬೀಗರೇ, ನಿಮ್ಮ ಸೊಸೆಯ ಕುಬಸಕ್ಕೆ ಹೆಣದ ಹಲಗೆ ಕಳಿಸಿದ್ದೇವೆ, ದಯವಿಟ್ಟು ಹಚ್ಚಬೇಡಿ ಎಂದೇ? ಹಿಂದೆ ಕೂತ ಚಿಕ್ಕಮ್ಮಂದಿರು ಏನಾಯ್ತು ಏನಾಯ್ತು ಎಂದು ಕೇಳತೊಡಗಿದರು. ತಲೆ ನೋವು ಎಂದು ಸುಳ್ಳು ಹೇಳಿದೆ. ಅಷ್ಟರಲ್ಲಿ ಮುಂದೆ ಸಿಮೆಂಟಿನ ಲಾರಿಗಳು ಸಾಲುಗಟ್ಟಿ ನಿಂತವು. ಒಂದರ ಗಾಲಿ ಕೆಟ್ಟಿತ್ತಂತೆ. ಡ್ರೈವರ್ ಇಳಿದು ತಂಬಾಕು ತಿಕ್ಕುತ್ತ ನಿಂತ. ಅವನ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂತು ನನಗೆ. ಅವನದೇನು ತಪ್ಪು, ಪಾಪ.

ಕೂತಲ್ಲೇ ವಿಡಿಯೋ ತೆರೆದು ಹಲಗೆಯ ಸಪ್ಪಳ ತೆಗೆದು ಹಾಕಿದೆ. ಹಲಗೆಯ ಚಿತ್ರಗಳನ್ನೂ ಕಿತ್ತೆ. ಮೂಕ ವಿಡಿಯೋವಾದರೂ ಸರಿ, ಇದನ್ನೇ ಹಚ್ಚು ಎಂದು ಬರೆದು ತಂಗಿಯ ಗಂಡನಿಗೆ ಕಳಿಸಿದೆ. ಸುತ್ತುವ ಗೆರೆ ಸುತ್ತುತ್ತಲೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಚಿಂಚೋಳಿಯ ದಾರಿಯಲ್ಲಿ ಆ ಪೂಜಾರಿ ನೆಟ್‌ವರ್ಕು. ಫೋನನ್ನು ಕಿಟಕಿಯ ಹೊರಗೆ ಹಿಡಿದೆ. ಅವ್ವ ಬುಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡುತ್ತ, ಮತ್ತೆ ಮತ್ತೆ ಸರಿಮಾಡುತ್ತ ಕೂತಳು.

ಚಿಮ್ಮನಚೋಡದಲ್ಲಿ ಜೀಪು ನಿಲ್ಲುವ ಮೊದಲೇ ಇಳಿದೆ. ಅಂಗಳದಲ್ಲಿ ಶಾಮಿಯಾನ. ಹೆಂಗಸರು ಚಾಪೆಯ ಮೇಲೆ ತುಂಬಿ ಕೂತಿದ್ದರು. ಟಿ.ವಿ.ಯನ್ನು ಹೊರಗೆ ತಂದು ಮೇಜಿನ ಮೇಲೆ ಇಟ್ಟಿದ್ದರು. ನಮ್ಮನ್ನು ನೋಡಿದ್ದೇ ತಂಗಿಯ ಗಂಡ, ನಾನು ಹೇಳಿದ ಮಾತನ್ನು ಚಾಚೂ ತಪ್ಪದೆ, ನಗುತ್ತ ರಿಮೋಟ್ ಒತ್ತಿದ. ಬೀಗರ ಕಡೆಯ ಹುಡುಗಿ ನಮ್ಮ ಕಾಲಿಗೆ ನೀರು ಹಾಕಲು ಚೊಂಬು ಹಿಡಿದು ಅಡ್ಡ ನಿಂತಳು. ಅವಳನ್ನು ಸರಿಸಿ ಹೋಗುವುದರೊಳಗೆ ಸುರುವಾಗಿಬಿಟ್ಟಿತು.

ಮನೆಯವರ ಉತ್ಸಾಹವೆಷ್ಟೆಂದರೆ, ದೊಡ್ಡ ಡಬ್ಬಿ ಸ್ಪೀಕರ್ ಬೇರೆ ಜೋಡಿಸಿದ್ದರು. ವಾಡಿಗೆ ರೈಲು ಬಂದು ನಿಂತಿತು, ತೊಗರಿ ಹೂ ತೂಗಿತು, ಎಲ್ಲದರ ಹಿಂದೆ ಆ ಬಡಿತ. ನಮ್ಮ ಚಿಕ್ಕಮ್ಮಂದಿರು ಬಾಗಿಲಲ್ಲೇ ನಿಂತುಬಿಟ್ಟರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ನಡುವೆ ತಂಗಿ ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ತಲೆಗೆ ಮಲ್ಲಿಗೆಯ ದಂಡೆ, ಕೈ ಹೊಟ್ಟೆಯ ಮೇಲೆ. ಅಜ್ಜಿಯ ಊರಿನಲ್ಲಿ ಬೆಳೆದವಳು. ಅವಳ ಮುಖ ನೋಡಿದೊಡನೆ ನನಗೆ ತಿಳಿಯಿತು, ಅವಳಿಗೂ ತಿಳಿದಿದೆ ಎಂದು.

ಟಿ.ವಿ.ಯ ತಂತಿ ಕೀಳಲೆಂದೇ ಹೊರಟಿದ್ದೆ. ಕುರ್ಚಿಯ ಪಕ್ಕ ಹಾಯುವಾಗ ತಂಗಿ ನನ್ನ ಮುಂಗೈ ಹಿಡಿದಳು. ಮುಖದಲ್ಲಿ ನಗು ಹಾಗೇ ಇತ್ತು. ಕೈ ಮಾತ್ರ ಮಂಜಿನಷ್ಟು ತಣ್ಣಗಿತ್ತು.

"ಬಂದ್ ಮಾಡಬ್ಯಾಡಕ್ಕ," ಅಂದಳು. "ನೀ ಬಂದ್ ಮಾಡಿದಿ ಅಂದ್ರ ಯಾಕಂತ ಕೇಳ್ತಾರ. ಸುಮ್ಮ ನನ್ನ ಬಾಜು ಕುಂದ್ರು."

ಕೂತೆ. ಅಷ್ಟು ದೀರ್ಘವಾದ ವಿಡಿಯೋ ನಾನೇ ಮಾಡಿದೆನೇ ಅನ್ನಿಸಿತು. ಬೇಗ ಮುಗಿಯಲೆಂದು ಬೇಡಿಕೊಳ್ಳುತ್ತ, ಕಣ್ಣು ಅವಳ ಅತ್ತೆಯ ಮೇಲೆ ಇಟ್ಟೆ. ಆ ಹೆಂಗಸು ಕತ್ತು ಚಾಚಿ ನೋಡುತ್ತಿದ್ದಳು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಬೀಗರ ಕಡೆಯ ಹೆಂಗಸರು ಯಾರೂ ಮುಖ ಗಂಟಿಕ್ಕಲಿಲ್ಲ. ಒಬ್ಬಳಂತೂ ತಲೆ ಆಡಿಸುತ್ತಿದ್ದಳು. ಮುಗಿದ ಮೇಲೆ ಅತ್ತೆ ಎದ್ದು ನನ್ನ ಹತ್ತಿರ ಬಂದಳು.

"ಭಾಳ ಛಲೋ ಮಾಡೀರಿ ನೋಡ್ರಿ," ಅಂದಳು. "ನಮ್ಮ ಲಗ್ನದಾಗೂ ಹಿಂಗೇ ಬಡಿದಿದ್ರು. ಇನ್ನೊಮ್ಮೆ ಹಚ್ರಿ."

ಚಿಂಚೋಳಿಯಾಚೆ, ತೆಲುಗಿನ ಗಾಳಿ ಬೀಸುವ ಆ ಸೀಮೆಯಲ್ಲಿ ಬಡಿತಗಳೇ ಬೇರೆ. ನಮ್ಮವರು ಹೆಣ ಎತ್ತುವುದಕ್ಕೆ ಬಡಿಯುವುದನ್ನು ಹೋಲುವ ಬಡಿತಕ್ಕೆ ಅವರು ವರನನ್ನು ಕರೆತರುತ್ತಾರಂತೆ. ಅದು ಆಮೇಲೆ ಅವ್ವ ಸುತ್ತು ಬಳಸಿ ಕೇಳಿ ತಿಳಿದುಕೊಂಡದ್ದು. ಆಗ ನಮಗೆ ತಿಳಿದದ್ದು ಇಷ್ಟೇ, ಗಂಡಾಂತರ ತಪ್ಪಿದೆ, ಆದರೆ ಇನ್ನೊಂದು ಸಲ ಕೇಳಬೇಕು. ನಾನು ತಂಗಿಯ ಕಡೆ ನೋಡಿದೆ. ಹಚ್ಚು ಅನ್ನುವಂತೆ ಅವಳು ತಲೆ ಅಲ್ಲಾಡಿಸಿದಳು. ಎರಡನೆಯ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು. ಬೀಗತಿಗೆ ಆ ವಿಡಿಯೋ ಎಷ್ಟು ಹಿಡಿಸಿತೆಂದರೆ, ಈಗ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಫೋನಿನಲ್ಲಿ ಅದನ್ನೇ ತೋರಿಸಿ ಕುಣಿಸುತ್ತಾಳೆ. ಕೂಸೂ ಕುಣಿಯುತ್ತದೆ. ನಮ್ಮವ್ವ ಅಲ್ಲಿದ್ದರೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಾಳೆ.

ಅವತ್ತು ಉಡಿ ತುಂಬಿ, ಆರತಿ ಆದ ಮೇಲೆ, ಸೀರೆ ಬದಲಿಸಲು ತಂಗಿಯನ್ನು ಒಳಗೆ ಕರೆದುಕೊಂಡು ಹೋದೆ. ಬಾಗಿಲು ಹಾಕಿದ್ದೇ ನನಗೆ ಕಟ್ಟೆ ಒಡೆಯಿತು. ಯಾವನೋ ಹಾಕಿದ್ದ, ಹೆಣದ್ದು ಅಂತ ಬರೆದಿರಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು, ನೀನು ಹೆದರಬೇಡ, ಅದೆಲ್ಲ ಸುಳ್ಳು ಶಕುನ ಎಂದು ಏನೇನೋ ಬಡಬಡಿಸಿದೆ. ಅವಳು ನನ್ನ ಮಾತು ಮುಗಿಯಲು ಬಿಟ್ಟಳು. ಕೈಯಲ್ಲಿನ ಹೊಸ ಹಸಿರು ಬಳೆಗಳನ್ನು ಹಿಂದಕ್ಕೆ ಸರಿಸಿದಳು.

"ಎರಡನೇದು ಒಯ್ಯುವಾಗ ನನಗ ಇದೇ ಖೋಲ್ಯಾಗ ಬಾಗಲಾ ಹಾಕಿ ಮಲಗಿಸಿದ್ರಕ್ಕ," ಅಂದಳು. "ಟಾವೆಲಿನ್ಯಾಗ ಸುತ್ತಿ ಒಯ್ದ್ರಂತ. ಅಳ್ಳಿಕ್ಕೂ ಬಿಡಲಿಲ್ಲ. ಮೊದಲಿಂದಕ್ಕಂತೂ ಅದೂ ಇಲ್ಲ. ಅವೆರಡಕ್ಕೂ ಯಾರೂ ಹಲಗಿ ಬಡಿಸಿರಲಿಲ್ಲ. ಇವತ್ತ ಬಡೀತು, ಅಷ್ಟ ಅಂದ್ಕೊಂಡು ಕುಂತಿದ್ದೆ."

ನಾನು ಗೋಡೆ ಹಿಡಿದು ಅತ್ತುಬಿಟ್ಟೆ, ಸದ್ದು ಹೊರಗೆ ಹೋಗದ ಹಾಗೆ. ಅವಳು ಅಳಲಿಲ್ಲ. ಕಳಚಿದ ಸೀರೆಯನ್ನು ತಾನೇ ಮಡಿಚಿ ಮಂಚದ ಮೇಲೆ ಇಟ್ಟು, ಹಸಿವಾಗಿದೆ, ಎಲೆ ಹಾಕಲು ಹೇಳು ಅಂದಳು.