ಪಕ್ಕದ ಕುರ್ಚಿಯ ಅನುಮೋದನೆ

ನಗರಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯ ಸದಸ್ಯರು ತಾವಾಗಿ ಯಾವ ವಿಷಯವನ್ನೂ ಮಂಡಿಸಿದವರಲ್ಲ. ಬೇರೆಯವರು ಮಂಡಿಸಿದ್ದನ್ನು ಅನುಮೋದಿಸುತ್ತಿದ್ದರು, ಅಷ್ಟೆ. ರೇಷ್ಮೆಗೂಡು ಮಾರ್ಕೆಟ್ಟಿನ ಬೀದಿದೀಪವಿರಲಿ, ಹಂದಿ ಹಿಡಿಯುವ ಟೆಂಡರಿರಲಿ, ಬಲಗೈಯಲ್ಲಿ ಬೋಂಡ ಹಿಡಿದುಕೊಂಡೇ ಎಡಗೈ ಎತ್ತುತ್ತಿದ್ದರು. "ಅನುಮೋದನೆ ಐತೆ. ಮುಂದಕ್ಕೆ ಹೋಗಣ."

ಒಮ್ಮೆ ಚರಂಡಿಯ ಮೇಲೆ ಕಟ್ಟಿಕೊಂಡ ಮೆಟ್ಟಿಲುಗಳನ್ನು ಒಡೆಯುವ ವಿಷಯ ಬಂತು. ಅವರ ಮನೆಯ ಮೆಟ್ಟಿಲೂ ಚರಂಡಿಯ ಮೇಲೆಯೇ ಇತ್ತು. ಎಡಗೈ ಎದ್ದಿತು. ನಗು ತಡೆಯಲು ನಾವೆಲ್ಲ ಕರ್ಚೀಫು ಬಾಯಿಗಿಟ್ಟುಕೊಂಡೆವು.

ಜೆಸಿಬಿ ಮೊದಲು ನಿಂತದ್ದು ಅವರ ಮನೆಯ ಮುಂದೆ. ನಾನು ಹೋಗುವಷ್ಟರಲ್ಲಿ ಅವರ ಹೆಂಡತಿ ಇಳಿಯಲಾಗದೆ ಬಾಗಿಲಲ್ಲೇ ನಿಂತಿದ್ದರು.

"ಇದಕ್ಕೆ ಕೈ ಎತ್ತಿದ ಪುಣ್ಯಾತ್ಮ ಯಾರು ರೀ?"

"ಎಲ್ರೂ ಎತ್ತಿದ್ರು ಕಣೇ," ಎಂದರು ಇವರು, ಬೀದಿಯಲ್ಲಿ ನಿಂತು.

ಮುಂದಿನ ಸಭೆಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು. ಪದ್ಧತಿಯಂತೆ ಅಧ್ಯಕ್ಷರು ಮೊದಲು ಹಿಂದಿನ ಸಭೆಯ ನಡಾವಳಿ ಓದಿಸಿ ಒಪ್ಪಿಗೆ ಕೇಳಿದರು. ಮೆಟ್ಟಿಲಿನ ತೀರ್ಮಾನವೂ ಅದರಲ್ಲಿತ್ತು. ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಅಭ್ಯಾಸಬಲದಿಂದ ಇವರನ್ನೇ ನೋಡುತ್ತ ಕಾದರು. ಬೋಂಡ ಆರುತ್ತಿತ್ತು.

ಕೊನೆಗೆ ಎಡಗೈ ಮೆಲ್ಲಗೆ ಹೊರಬಂತು.

"ಅನುಮೋದನೆ ಐತೆ," ಎಂದರು. "ಬೇಗ ಮುಂದಕ್ಕೆ ಹೋಗ್ರಪ್ಪ."