ಫ್ರಿಜ್ಜಿನ ಚಪ್ಪಲಿ

ಬೀದಿಯವರೆಲ್ಲ ಮಾವ ಎಂದೇ ಕರೆಯುತ್ತಿದ್ದ ಟೈಲರ್ ಮನೆಯಲ್ಲಿ ಫ್ರಿಜ್ಜಿಗೆಂದೇ ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು. ನೆಂಟರು ತಣ್ಣೀರು ಕೇಳಿದರೆ ಮಾವನ ಹೆಂಡತಿ, ಅಂದರೆ ಬೀದಿಗೆಲ್ಲ ಅತ್ತೆ, ಮೊದಲು ಆ ಚಪ್ಪಲಿ ತೋರಿಸುತ್ತಿದ್ದರು. ಹಾಕಿಕೊಳ್ಳದೆ ಬಾಗಿಲಿಗೆ ಕೈಹಚ್ಚಿದವರು "ಅಮ್ಮಾ!" ಎಂದು ಕೈ ಒದರಿದರೆ ಮಾವ ನಗುತ್ತ, "ಸ್ವಲ್ಪ ಜುಂ ಅನ್ನುತ್ತೆ ಅಷ್ಟೆ. ಮೈಗೆ ಒಳ್ಳೇದು," ಎನ್ನುತ್ತಿದ್ದರು.

ಹೊಲಿಗೆಯಲ್ಲಿ ಮಾವನ ಕಡೆ ಬೆರಳು ತೋರಿಸುವಂತಿರಲಿಲ್ಲ. ಬಟ್ಟೆ ಹರಿದರೂ ಅವರ ಹೊಲಿಗೆ ಬಿಡುತ್ತಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಒಂದು ದಿನ ಹೊಲಿಗೆ ಯಂತ್ರದ ಮೋಟರಿನ ವೈರು ತುಂಡಾಯಿತು. ಮಾವ ಎರಡು ತುದಿ ಹೊಸೆದು ಟೇಪು ಸುತ್ತಿದರು, ಮೋಟರು ತಿರುಗಿತು. ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ.

"ದಾರಕ್ಕೆ ಗಂಟು ಹಾಕೋನಿಗೆ ವೈರಿಗೆ ಗಂಟು ಹಾಕೋದು ಯಾರು ಕಲಿಸ್ಬೇಕು?" ಎಂದು ಇಡೀ ಮನೆಯ ವೈರಿಂಗಿಗೆ ಕೈಹಾಕಿದರು. ಕನೆಕ್ಟರು, ಜಾಯಿಂಟ್ ಬಾಕ್ಸು ಎಲ್ಲ ಅಂಗಡಿಯವರ ಹೊಟ್ಟೆಪಾಡು ಎಂದರು. ಅರ್ಥಿಂಗಿನ ಹಸಿರು ವೈರು ಅವರ ಕಣ್ಣಿಗೆ ಹೆಚ್ಚುಳಿದ ಬಟ್ಟೆ. ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿದರು. ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚೊಂದು ಮೀಟರಿನ ಪಕ್ಕದಲ್ಲಿತ್ತು. ಮಾವನ ಕೈಚಳಕ ಕಂಡ ಮೇಲೆ ಅದು ದಿನಾ ಆಫ್ ಆಗತೊಡಗಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾವ "ಹೇಡಿ ಸ್ವಿಚ್ಚು" ಎಂದು ಬೈದು, ಅದನ್ನು ಕಿತ್ತೆಸೆದು ವೈರುಗಳನ್ನು ನೇರ ಸೇರಿಸಿಬಿಟ್ಟರು.

ಅತ್ತೆಗೆ ಭಯಕ್ಕಿಂತ ಅವಮಾನವೇ ಹೆಚ್ಚು. ತಮ್ಮದೇ ಅಡುಗೆಮನೆಯಲ್ಲಿ ಹಾಲು ತೆಗೆಯಲು ಬೆಕ್ಕಿನ ಹಾಗೆ ಹೊಂಚು ಹಾಕಬೇಕಿತ್ತು.

"ಒಬ್ಬ ವೈರ್‌ಮನ್‌ನ ಕರೆಸ್ರೀ," ಎಂದರೆ, "ನನಗೆ ಯಾವತ್ತಾದ್ರೂ ಶಾಕ್ ಹೊಡೆದಿದೆಯೇನೇ? ಕರೆಂಟಿಗೂ ನಾನಂದ್ರೆ ಮರ್ಯಾದೆ," ಎಂಬ ಉತ್ತರ.

ಕರೆಂಟು ಮರ್ಯಾದೆ ಕೊಡುತ್ತಿದ್ದದ್ದು ಮಾವನ ಕಾಲಡಿಯ ರಬ್ಬರಿಗೆ ಎಂದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಮಗಳು ಫೋನು ಮಾಡಿದಳು. "ಪಾಪು ಅಂಬೆಗಾಲಿಡ್ತಿದೆ ಅಪ್ಪಾ. ಆ ಫ್ರಿಜ್ ಸರಿಮಾಡಿಸೋವರೆಗೂ ನಾನು ಕರ್ಕೊಂಡು ಬರಲ್ಲ."

ಮಾರನೆಯ ದಿನ ಮಾವ ಒಂದು ಪೊಟ್ಟಣ ತಂದರು. ಒಳಗೆ ಬೆರಳುದ್ದದ ರಬ್ಬರ್ ಚಪ್ಪಲಿ! ಕಳಚಿ ಬೀಳದಿರಲೆಂದು ತಾವೇ ಎಲಾಸ್ಟಿಕ್ ಪಟ್ಟಿ ಹೊಲಿದರು. ಆಮೇಲೆ ಎದೆಯುಬ್ಬಿಸಿ ಫೋನು ಮಾಡಿ, "ಎಲ್ಲ ಸರಿಮಾಡಿದೀನಿ, ಬಾರಮ್ಮ," ಎಂದರು. ಪಕ್ಕದಲ್ಲೇ ನಿಂತಿದ್ದ ಅತ್ತೆಯ ನಾಲಿಗೆ ತುದಿಗೆ "ಬೇಡ" ಬಂದಿತ್ತು. ಆದರೆ ಮೊಮ್ಮಗಳನ್ನು ಆಸ್ಪತ್ರೆಯ ತೊಟ್ಟಿಲಲ್ಲಿ ನೋಡಿದ್ದೇ ಕೊನೆ. ಆಸೆ ಆ ಮಾತನ್ನು ನುಂಗಿಹಾಕಿತು.

ಮಗಳು ಬಂದಳು. ತಾತ ಹೊಲಿದ ಹೊಸ ಫ್ರಾಕು, ತಾತ ತಂದ ಚಪ್ಪಲಿ ತೊಟ್ಟ ಮಗುವನ್ನು ನೆಲಕ್ಕೆ ಬಿಟ್ಟು ಮುಖ ತೊಳೆಯಲು ಹೋದಳು. ಮಾವ ಕುರ್ಚಿಯಲ್ಲಿ ಕೂತು ಮೀಸೆ ತಿರುವುತ್ತಿದ್ದರು. ಮಗು ಜೊಲ್ಲು ಸುರಿಸುತ್ತ, ಒದ್ದೆ ಅಂಗೈ ಊರಿಕೊಂಡು, ಮಂಡಿ ಎಳೆಯುತ್ತ ಸೀದಾ ಹೊಳೆಯುವ ಫ್ರಿಜ್ಜಿನ ಕಡೆಗೆ ಹೊರಟಿತು. ಚಪ್ಪಲಿಯ ಅಟ್ಟೆಗಳೆರಡೂ ಸೂರು ನೋಡುತ್ತಿದ್ದವು.

ಅತ್ತೆ ಅದನ್ನು ನೋಡಿದರು. ಕೈಯಲ್ಲಿದ್ದ ತಟ್ಟೆ ಬಿಸಾಕಿ ಹಾರಿದರು. ಸಿಕ್ಕಿದ್ದು ಫ್ರಾಕಿನ ಬೆನ್ನು. ಅದನ್ನೇ ಹಿಡಿದು ಎಳೆದರು. ಮಗುವಿನ ಕೈಗೂ ಫ್ರಿಜ್ಜಿಗೂ ನಡುವೆ ಒಂದು ಗೇಣು ಉಳಿದಿತ್ತು. ಫ್ರಾಕು ಹರಿಯಲಿಲ್ಲ. ಆ ಮನುಷ್ಯ ಹೊಲಿಗೆಯನ್ನಷ್ಟೇ ಹೊಲಿದುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅತ್ತೆಗೆ ಅಳು ಬಂತು.

ಅಳುತ್ತಲೇ ಮಗುವನ್ನು ಸೊಂಟಕ್ಕೇರಿಸಿ ಹೋಗಿ ಮೇನ್ ಆಫ್ ಮಾಡಿದರು. ಫ್ಯಾನು ನಿಂತಿತು. "ವೈರ್‌ಮನ್ ಬರೋವರೆಗೂ ಇದನ್ನ ಯಾರೂ ಮುಟ್ಟಕೂಡದು."

"ಲೇ, ಅರ್ಜೆಂಟ್ ಹೊಲಿಗೆ ಇದೆ ಕಣೇ..."

"ಕಾಲಲ್ಲಿ ತುಳೀರಿ."

ಲೈಸೆನ್ಸಿದ್ದ ವೈರ್‌ಮನ್ ಬಂದು ಫ್ರಿಜ್ಜನ್ನು ಮುಂದಕ್ಕೆಳೆದ. ಹಿಂದೆ ಟೇಪು ಒಣಗಿ ಸುಲಿದು, ಬೆತ್ತಲೆ ತಾಮ್ರ ಫ್ರಿಜ್ಜಿನ ಬೆನ್ನಿಗೆ ತಾಗುತ್ತಿತ್ತು. "ಯಾವ ಮಹಾನುಭಾವನ ಕೆಲಸ ಇದು? ಇಂಥೋರು ಇರೋದಕ್ಕೇ ರೂಲ್ಸು ಮಾಡಿರೋದು," ಎಂದು ಗೊಣಗಿದ. ಮಾವ ತಮ್ಮ ಕತ್ತರಿಯ ಹರಿತ ನೋಡುತ್ತಿದ್ದರು. ಅವನು ಎಲ್ಲೂ ಜಾಯಿಂಟಿಲ್ಲದ ಹೊಸ ಕೇಬಲ್ ಎಳೆದು, ಅರ್ಥಿಂಗ್ ಕೊಟ್ಟು, ಕಿತ್ತೆಸೆದ ಸ್ವಿಚ್ಚಿನ ಜಾಗಕ್ಕೆ ಹೊಸದು ಕೂರಿಸಿ ಹೋದ.

ಸಂಜೆ ಮಾವ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ, "ನಾನೇ ನಿಂತು ಮಾಡಿಸ್ದೆ. ಅವನಿಗೇನು ಗೊತ್ತಾಗುತ್ತೆ?" ಎನ್ನುತ್ತಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಾತಾಡಿ ಗಂಟಲು ಒಣಗಿ ತಣ್ಣೀರಿಗೆಂದು ಅಡುಗೆಮನೆಗೆ ಬಂದರು. ಅಲ್ಲಿ ಅತ್ತೆ ಬರಿಗಾಲಲ್ಲಿ ಫ್ರಿಜ್ಜಿಗೆ ಒರಗಿ ನಿಂತಿದ್ದರು. ಸೊಂಟದ ಮೇಲಿದ್ದ ಮಗು ಅದನ್ನು ಎರಡೂ ಕೈಯಿಂದ ಪಟಪಟ ಬಡಿಯುತ್ತಿತ್ತು.

ಮಾವನ ಕಾಲು ಅಭ್ಯಾಸಬಲದಿಂದ ಬಾಗಿಲ ಬಳಿ ತಡವಿತು. "ಲೇ, ಚಪ್ಪಲಿ ಎಲ್ಲಿ?"

"ಎಸೆದೆ. ಬರಿಗಾಲಲ್ಲೇ ಬನ್ನಿ. ಕರೆಂಟಿಗೆ ನೀವಂದ್ರೆ ಮರ್ಯಾದೆ ಅಲ್ವಾ?"

ಮಾವ ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡರು. ಆಮೇಲೆ ಕೆಮ್ಮಿ, "ತಣ್ಣೀರು ಗಂಟಲಿಗೆ ಆಗಿಬರಲ್ಲ ಕಣೇ. ಬಿಸಿನೀರೇ ಕೊಡು," ಎಂದರು.